ಮುಂಬಯಿ ದ್ವೀಪಗಳ ಕಲ್ಲು: ಗವಿ, ಗಣಿ, ಗೋಪುರ

ಮುಂಬಯಿಯಲ್ಲಿ ಡೋಂಗರಿ ಎಂಬ ಪೇಟೆಯೊಂದುಂಟು. ಮರಾಠಿಯಲ್ಲಿ ಡೋಂಗರ ಎಂದರೆ ಬೆಟ್ಟ. ಡೋಂಗರಿ ಎಂದರೆ ಗುಡ್ಡ. ಆ ಪೇಟೆಯ ಗಲ್ಲಿಗಳಲ್ಲಿ ದಿನವೂ ಓಡಾಡುವ ಸಾವಿರಾರು ಜನರಲ್ಲಿ ತಾವು ಗುಡ್ಡವೊಂದರ ಮೇಲೆ ನಡೆಯುತ್ತಿದ್ದೇವೆಂದು ನೆನೆಯುವವರು ವಿರಳ. ಅದಕ್ಕೆ ಸಮೀಪದಲ್ಲಿಯೇ ಖಡಕ ಎಂಬ ಭಾಗವಿದೆ. ಆ ಶಬ್ದಕ್ಕೆ ಬಂಡೆಯೆಂದರ್ಥ. ಉಮರಖಾಡಿ ಎಂಬಲ್ಲಿ ಈಗ ಖಾಡಿಯಿಲ್ಲ. ಭರತದ ನೀರು ಹರಿಯುತ್ತಿದ್ದ ಹಳ್ಳವನ್ನು ದಾಟಿ ಬಂದವರು ಕಾಲು ತೊಳೆಯುತ್ತಿದ್ದ ಸ್ಥಳವೇ ಪಾಯಧೋಣಿ. ಈಗ ಅಲ್ಲಿ ತೊಳೆಯಲು ನೀರೂ ಇಲ್ಲ, ನಿಲ್ಲಲು ತಾವೂ ಇಲ್ಲ. ಹೆಸರುಗಳು ಉಳಿದಿವೆ, ಅವು ಹೇಳುತ್ತಿದ್ದ ನೆಲ ಮಾತ್ರ ಬದಲಾಗಿದೆ. ಗುಡ್ಡವಿದ್ದಲ್ಲಿಂದ ಕಲ್ಲು ತೆಗೆದು ನೀರಿದ್ದಲ್ಲಿ ತುಂಬಿದರು. ಉಳಿದ ಕಲ್ಲಿನಿಂದ ಮನೆ, ಗೋದಿ, ಗೋಪುರಗಳನ್ನು ಕಟ್ಟಿದರು. ಒಂದು ಮಾತಿನಲ್ಲಿ ಹೇಳುವುದಾದರೆ ಮುಂಬಯಿಯ ಚರಿತ್ರೆಯು ಇಷ್ಟೇ ಆಗಿದೆ. ಆದರೆ ಈ ಒಂದು ಮಾತಿನೊಳಗೆ ಹದಿನಾಲ್ಕು ನೂರು ವರ್ಷಗಳಿಗೂ ಮಿಕ್ಕಿದ ಕಲ್ಲುಕೆಲಸವು ಅಡಗಿರುವುದರಿಂದ ಅದನ್ನು ಬಿಡಿಸಿ ನೋಡುವುದು ಅವಶ್ಯ.

ಪೋರ್ಚುಗೀಜರಿಂದ 1661ರ ವಿವಾಹದ ಒಪ್ಪಂದದ ಮೇರೆಗೆ ಇಂಗ್ಲೆಂಡಿನ ಅರಸನಿಗೆ ಬಂದು, 1668ರಲ್ಲಿ ವರ್ಷಕ್ಕೆ 10 ಪೌಂಡುಗಳ ಕರಾರಿನ ಮೇಲೆ ಕಂಪನಿಯ ವಶವಾದ ಮುಂಬಯಿಯು ಏಳು ಸಣ್ಣ ದ್ವೀಪಗಳ ಗುಂಪಾಗಿದ್ದಿತು. ಕೊಲಾಬಾ, ಅದರ ನೆರೆಯ ಚಿಕ್ಕ ಕೊಲಾಬಾ, ಮುಂಬಯಿ, ಮಾಝಗಾಂವ, ಪರೇಲ, ವರಳಿ, ಮಾಹೀಮ ಎಂಬಿವೇ ಆ ಏಳು. ಇವುಗಳ ಉತ್ತರಕ್ಕೆ ಸಾಷ್ಟಿಯ ದೊಡ್ಡ ದ್ವೀಪ; ಪೂರ್ವದ ಬಂದರಿನ ನೀರಿನಲ್ಲಿ ಘಾರಾಪುರಿ. ಭೂಗರ್ಭಶಾಸ್ತ್ರಜ್ಞರ ದೃಷ್ಟಿಯಲ್ಲಿ ಇವೆಲ್ಲವೂ ಒಂದೇ ಕುಟುಂಬಕ್ಕೆ ಸೇರಿದವು. ಆರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಹರಿದು ದಖ್ಖಣವನ್ನು ಮುಚ್ಚಿದ ಲಾವಾರಸದ ಪಶ್ಚಿಮದಂಚು ಇದು. ಬೆಳಗಾವಿ, ವಿಜಾಪುರಗಳ ಕಡೆಯ ಕರಿಕಲ್ಲೂ ಅದೇ ಲಾವಾರಸದಿಂದಾದದ್ದು. ಆದರೆ ಘಟ್ಟದ ಮೇಲೆ ಈ ಪದರಗಳು ಹಾಸಿಗೆಯಂತೆ ಮಟ್ಟಸವಾಗಿ ಮಲಗಿದ್ದರೆ ಮುಂಬಯಿಯಲ್ಲಿ ಅವು ಪಶ್ಚಿಮಕ್ಕೆ, ಅಂದರೆ ಸಮುದ್ರದ ಕಡೆಗೆ, ಬಾಗಿವೆ. ಆದ್ದರಿಂದಲೇ ಇಲ್ಲಿಯ ಗುಡ್ಡಗಳು ಉತ್ತರದಿಂದ ದಕ್ಷಿಣಕ್ಕೆ ಎರಡು ಸಾಲುಗಳಾಗಿ ನಿಂತಿವೆ. ಪಶ್ಚಿಮದ ಸಾಲಿನಲ್ಲಿ ಮಲಬಾರ ಹಿಲ್, ಕುಂಬಾಲಾ ಹಿಲ್ ಮತ್ತು ವರಳಿ; ಪೂರ್ವದಲ್ಲಿ ಡೋಂಗರಿ, ಮಾಝಗಾಂವ, ಶಿವಡಿ, ಆಂಟಾಪ ಹಿಲ್. ನಡುವಣ ತಗ್ಗಿನಲ್ಲಿ ಭರತಕಾಲದಲ್ಲಿ ಸಮುದ್ರವು ಒಳನುಗ್ಗುತ್ತಿತ್ತು.

ಲಾವಾರಸವು ಒಮ್ಮೆಲೇ ಹರಿದದ್ದಲ್ಲ. ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ದೀರ್ಘಕಾಲ ಸಂದು, ಅಷ್ಟರಲ್ಲಿ ಸಿಹಿನೀರಿನ ಕೆರೆಕುಂಟೆಗಳುಂಟಾಗಿ, ಅವುಗಳಲ್ಲಿ ಜೀವಜಂತುಗಳು ನೆಲೆಗೊಂಡಿದ್ದವು. ವರಳಿಯ ಗುಡ್ಡವನ್ನು ಅಗೆಯುವಾಗ ಆ ಕೆರೆಯ ಕೆಸರು ಗಟ್ಟಿಯಾಗಿ ಉಂಟಾದ ಪದರುಗಲ್ಲಿನಲ್ಲಿ ಪುಟ್ಟ ಕಪ್ಪೆಗಳ ಎಲುಬುಗಳು ದೊರಕಿದವು. ಅವನ್ನು 1847ರಲ್ಲಿ ರಿಚರ್ಡ್ ಓವನ್ ಎಂಬ ಪ್ರಖ್ಯಾತ ಪ್ರಾಣಿಶಾಸ್ತ್ರಜ್ಞನು ವರ್ಣಿಸಿ, ಗಾತ್ರಕ್ಕೆ ತಕ್ಕಂತೆ 'ರಾನಾ ಪುಸಿಲ್ಲಾ', ಎಂದರೆ ಕಿರುಗಪ್ಪೆ, ಎಂದು ಹೆಸರಿಟ್ಟನು. ಈಗ ಅದಕ್ಕೆ ಇಂಡೋಬಟ್ರಾಕಸ್ ಎಂಬ ಕುಲನಾಮವಿದೆ. 1852ರಲ್ಲಿ ಡಾ. ಕಾರ್ಟರನು ಮುಂಬಯಿ ದ್ವೀಪದ ಭೂಗರ್ಭವನ್ನು ಕುರಿತು ಬರೆದ ಪ್ರಬಂಧಕ್ಕೂ, 1866ರಲ್ಲಿ ವಿನ್ ಎಂಬವನು ಬರೆದುದಕ್ಕೂ ಸಾಮಗ್ರಿಯನ್ನೊದಗಿಸಿದುದು ಈ ಬಗೆಯ ಅಗೆತಗಳೇ. ಗುಡ್ಡವನ್ನು ಒಡೆಯದಿದ್ದರೆ ಅದರ ಹೊಟ್ಟೆಯೊಳಗೆ ಏನಿತ್ತೆಂದು ತಿಳಿಯುತ್ತಿರಲಿಲ್ಲ. ಒಡೆದದ್ದರಿಂದ ಗುಡ್ಡವೇ ಉಳಿಯಲಿಲ್ಲ. ಶಾಸ್ತ್ರಕ್ಕೂ ಗಣಿಗೂ ಇರುವ ಈ ವಿಚಿತ್ರ ನಂಟು ಎಲ್ಲ ದೇಶಗಳಲ್ಲಿಯೂ ಕಂಡುಬರುತ್ತದೆ.

ಈ ದ್ವೀಪಗಳಲ್ಲಿ ಮೊದಲು ಕಲ್ಲು ಕಡಿದವರು ಕಟ್ಟುವವರಲ್ಲ, ಕೊರೆಯುವವರು. ಗವಿಯೆಂಬುದು ಒಂದರ್ಥದಲ್ಲಿ ತಿರುವುಮುರುವಾದ ಗಣಿ. ಗಣಿಯಲ್ಲಿ ತೆಗೆದ ಕಲ್ಲು ಮುಖ್ಯ, ಉಳಿದ ಗುಂಡಿ ವ್ಯರ್ಥ. ಗವಿಯಲ್ಲಿ ಉಳಿದ ಟೊಳ್ಳು ಮುಖ್ಯ, ತೆಗೆದ ಕಲ್ಲು ವ್ಯರ್ಥ. ಸಾಷ್ಟಿಯ ಕಾನ್ಹೇರಿಯಲ್ಲಿ ನೂರಕ್ಕೂ ಮಿಕ್ಕ ಗವಿಗಳನ್ನು ಬೌದ್ಧ ಭಿಕ್ಷುಗಳಿಗಾಗಿ ಸುಮಾರು ಸಾವಿರ ವರ್ಷಗಳ ಕಾಲ ಕೊರೆಯುತ್ತಲೇ ಇದ್ದರು. ಅಲ್ಲಿಯ ಶಿಲೆ ಅಗ್ನಿಜನ್ಯವಾದ ಉಂಡೆಕಲ್ಲುಗಳ ಮಿಶ್ರಣ. ನುಣುಪಾದ ಶಿಲ್ಪಕ್ಕೆ ಅಷ್ಟು ಅನುಕೂಲವಲ್ಲವಾದರೂ ಕೊರೆಯಲು ಕರಿಕಲ್ಲಿಗಿಂತ ಸುಲಭ. ಶಾಸನಗಳಲ್ಲಿ ಕೃಷ್ಣಗಿರಿಯೆನಿಸಿಕೊಂಡ ಈ ಬೆಟ್ಟವು ಕನ್ನಡಿಗರಿಗೆ ಇನ್ನೊಂದು ಕಾರಣದಿಂದ ಹತ್ತಿರದ್ದು. ಇಲ್ಲಿಯ 9ನೆಯ ಶತಮಾನದ ಮೂರು ಶಾಸನಗಳಲ್ಲಿ ಉತ್ತರ ಕೊಂಕಣದ ಶಿಲಾಹಾರ ಮಾಂಡಲಿಕರು ತಮ್ಮ ಸಾರ್ವಭೌಮನೆಂದು ಹೇಳಿಕೊಂಡಿರುವುದು ರಾಷ್ಟ್ರಕೂಟ ಅಮೋಘವರ್ಷನನ್ನು. ಕವಿರಾಜಮಾರ್ಗವು ಯಾವನ ಆಸ್ಥಾನದಲ್ಲಿ ಹುಟ್ಟಿತೋ ಆ ನೃಪತುಂಗನೇ ಈತ. ಶಾಸನದ ಭಾಷೆ ಸಂಸ್ಕೃತ, ದಾನ ಬೌದ್ಧ ಸಂಘಕ್ಕೆ, ಅರಸನ ಒಲವು ಜೈನಧರ್ಮದ ಕಡೆಗೆ. ಕೆತ್ತಿದ ಬಂಡೆ ಮಾತ್ರ ಸಾಷ್ಟಿಯದು.

ಘಾರಾಪುರಿಯ ಕಲ್ಲು ಕಾನ್ಹೇರಿಯದಕ್ಕಿಂತ ಬಿಗಿಯಾದ ಕರಿಕಲ್ಲು. 6ನೆಯ ಶತಮಾನದ ಮಧ್ಯಭಾಗದಲ್ಲಿ ಕೊರೆದುದೆಂದು ವಿದ್ವಾಂಸರು ಹೇಳುವ ಅಲ್ಲಿಯ ಮಹಾಗುಹೆಯು ಮುಂಬಾಗಿಲಿನಿಂದ ಹಿಂಗೋಡೆಯವರೆಗೆ ಸುಮಾರು 39 ಮೀಟರು ಆಳವಾಗಿದೆ. ಹಿಂಗೋಡೆಯ ತ್ರಿಮುಖ ಸದಾಶಿವನ ಎತ್ತರ ಸುಮಾರು 18 ಅಡಿ. ಇಂತಹ ಗುಹೆಯನ್ನು ಕೊರೆಯುವವನು ಛಾವಣಿಯಿಂದ ಮೊದಲುಮಾಡಿ ಕೆಳಗಿಳಿಯುತ್ತಾನೆ. ಕಂಬವಾಗಬೇಕಾದ ಕಲ್ಲನ್ನು ಮೊದಲೇ ಲೆಕ್ಕಹಾಕಿ ಬಿಟ್ಟುಕೊಳ್ಳಬೇಕು. ತಪ್ಪಿ ತೆಗೆದ ಒಂದು ತುಣುಕನ್ನೂ ಮತ್ತೆ ಸೇರಿಸಲು ಬರುವುದಿಲ್ಲ. ಬ್ಯಾಂಕಿನ ಲೆಕ್ಕದಲ್ಲಿ ತಪ್ಪು ನಮೂದನ್ನು ತಿರುವು ನಮೂದಿನಿಂದ ಸರಿಪಡಿಸಬಹುದು. ಗವಿಯ ಲೆಕ್ಕಕ್ಕೆ ಆ ಸೌಕರ್ಯವಿಲ್ಲ. ದ್ವೀಪದಲ್ಲಿ ಅರ್ಧಕ್ಕೇ ನಿಂತ ಗವಿಗಳೂ ಇವೆ. ಕೊರೆಯುವ ಕ್ರಮವನ್ನು ಕಲಿಯಬೇಕೆಂಬ ಜಿಜ್ಞಾಸುವಿಗೆ ಪೂರ್ಣವಾದ ಗವಿಗಿಂತ ಈ ಅಪೂರ್ಣ ಗವಿಗಳೇ ಒಳ್ಳೆಯ ಗುರುಗಳು.

ಈ ಗುಹೆಯನ್ನು ಮಾಡಿಸಿದವರು ಯಾರು? ಅಲ್ಲಿ ದೊರೆತ ಕಲಚೂರಿ ಕೃಷ್ಣರಾಜನ ನಾಣ್ಯಗಳ ಆಧಾರದಿಂದ ಕೆಲವರು ಕಲಚೂರಿಗಳ ಕಡೆಗೆ ಬೊಟ್ಟುಮಾಡುತ್ತಾರೆ. ಕೊಂಕಣದ ಮೌರ್ಯರ ಹೆಸರನ್ನು ಹೇಳುವವರೂ ಉಂಟು. ರವಿಕೀರ್ತಿಯ ಐಹೊಳೆ ಶಾಸನದಲ್ಲಿ (ಕ್ರಿ. ಶ. 634) ಇಮ್ಮಡಿ ಪುಲಕೇಶಿಯು ನೌಕಾಬಲದೊಂದಿಗೆ ಮುತ್ತಿದನೆಂದು ಹೇಳಿರುವ ಪುರಿಯು ಈ ಘಾರಾಪುರಿಯೇ ಎಂಬ ಅಭಿಪ್ರಾಯವಿದ್ದು, ಅದನ್ನು ಒಪ್ಪದವರೂ ಇದ್ದಾರೆ. ವಾದವು ತೀರದಿರುವುದಕ್ಕೆ ಮುಖ್ಯ ಕಾರಣ ಒಂದು ಕಲ್ಲು. ಗುಹೆಯಲ್ಲಿದ್ದ ಶಾಸನಶಿಲೆಯನ್ನು ಪೋರ್ಚುಗೀಜರು ಕಿತ್ತು ತಮ್ಮ ದೇಶಕ್ಕೆ ಕಳುಹಿದರೆಂದು ಅವರದೇ ಚರಿತ್ರಕಾರನಾದ ಡಿಯೋಗೊ ದೊ ಕೂತೊ ಬರೆದಿಟ್ಟಿದ್ದಾನೆ. ಆ ಶಿಲೆ ಮತ್ತೆ ಪತ್ತೆಯಾಗಲಿಲ್ಲ. ಇಡೀ ಬೆಟ್ಟವನ್ನು ಕೊರೆದವರ ಹೆಸರು ಒಂದು ಕಲ್ಲಿನ ಜೊತೆಗೆ ಹಡಗು ಹತ್ತಿ ಹೋಯಿತು. ಪೋರ್ಚುಗೀಜರು ದ್ವೀಪಕ್ಕೆ 'ಎಲಿಫೆಂಟಾ' ಎಂದು ಹೆಸರಿಡಲು ಕಾರಣವಾದ ಕಲ್ಲಾನೆಯ ಗತಿಯೂ ಬೇರೆಯಾಗಲಿಲ್ಲ. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲೆಂದು ಎತ್ತುವಾಗ ಸರಪಳಿ ಹರಿದು ಆನೆ ಚೂರುಚೂರಾಯಿತು. 1914ರಲ್ಲಿ ಚೂರುಗಳನ್ನು ಜೋಡಿಸಿ ನಿಲ್ಲಿಸಿದರು. ಅದನ್ನು ಈಗ ಭಾಯಖಳಾದ ಡಾ. ಭಾವು ದಾಜಿ ಲಾಡ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನೋಡಬಹುದು.

ಕಂಪನಿಯ ಕಾಲಕ್ಕೆ ಕಲ್ಲಿನ ಉಪಯೋಗವು ಬೇರೆ ದಾರಿ ಹಿಡಿಯಿತು. ಮಹಾಲಕ್ಷ್ಮಿಗೂ ವರಳಿಗೂ ನಡುವೆ ಸಮುದ್ರವು ಒಳನುಗ್ಗುತ್ತಿದ್ದ ದೊಡ್ಡ ಬಿರುಕನ್ನು ಗವರ್ನರ್ ಹಾರ್ನ್‌ಬಿಯ ಕಾಲದಲ್ಲಿ ಕಲ್ಲಿನ ಒಡ್ಡಿನಿಂದ ಮುಚ್ಚಿದರು. 1784ರ ಸುಮಾರಿಗೆ ಅದು ಮುಗಿಯಿತು. ಹಾಕಿದ ಒಡ್ಡು ಮತ್ತೆ ಮತ್ತೆ ಕುಸಿಯುತ್ತಿದ್ದು, ಸಮುದ್ರದೊಳಗಿದ್ದ ದೇವಿಯ ಮೂರ್ತಿಯನ್ನು ಮೇಲೆತ್ತಿ ಗುಡಿ ಕಟ್ಟಿಸುವೆನೆಂದು ಕಾಮಗಾರಿಯ ಮುಖ್ಯಸ್ಥನು ಕನಸಿನಲ್ಲಿ ಮಾತು ಕೊಟ್ಟ ಮೇಲೆ ನಿಂತಿತೆಂದು ಮಹಾಲಕ್ಷ್ಮಿಯ ಐತಿಹ್ಯವು ಹೇಳುತ್ತದೆ. ಮುಂದೆ 1803ರಲ್ಲಿ ಶೀವ, 1838ರಲ್ಲಿ ಕೊಲಾಬಾ, 1845ರಲ್ಲಿ ಮಾಹೀಮ ಹೀಗೆ ಒಂದೊಂದೇ ಒಡ್ಡುದಾರಿಗಳು ದ್ವೀಪಗಳನ್ನು ಹೊಲಿದವು. ಮಾಹೀಮದ ದಾರಿಗೆ ಹಣ ಕೊಟ್ಟವಳು ಜಮಶೇಟಜಿ ಜೀಜೀಭಾಯಿಯವರ ಪತ್ನಿ.

ಕಲ್ಲಿನ ನಾಡಿನಲ್ಲಿದ್ದರೂ ಕಂಪನಿಯವರಿಗೆ ಮೊದಲು ಇಲ್ಲಿಯ ಕಲ್ಲಿನಲ್ಲಿ ನಂಬಿಕೆ ಸಾಲದಾಗಿತ್ತು. 1833ರಲ್ಲಿ ಮುಗಿದ ಟೌನ್ ಹಾಲಿನ ಕಂಬಗಳಿಗೆ ಇಂಗ್ಲೆಂಡಿನಿಂದ ಕಲ್ಲು ಬಂದಿತು. ಅವುಗಳಲ್ಲಿ ಕೆಲವು ಅಳತೆಗೆ ಮೀರಿದ್ದರಿಂದ ಭಾಯಖಳಾದ ಇಗರ್ಜಿಯ ಪಾಲಾದುವೆಂದು ಹೇಳುತ್ತಾರೆ. ಮಲಾಡ, ಕುರ್ಲಾಗಳ ಗುಡ್ಡಗಳಿಗೆ ಭಾಗ್ಯವೋ ದುರ್ಭಾಗ್ಯವೋ ಬಂದುದು 1860ರ ನಂತರ. ಅಮೇರಿಕದ ಅಂತರ್ಯುದ್ಧದಿಂದ (1861–65) ಅಲ್ಲಿಯ ಹತ್ತಿ ನಿಂತು, ಲ್ಯಾಂಕಶೈರಿನ ಗಿರಣಿಗಳ ಹಣವೆಲ್ಲ ಮುಂಬಯಿಗೆ ಹರಿಯಿತು. ಅದೇ ಹೊತ್ತಿಗೆ ಗವರ್ನರ್ ಫ್ರಿಯರನು ಕೋಟೆಯ ಗೋಡೆಗಳನ್ನು ಕೆಡವಿಸಿದನು. ಹಣಕ್ಕೆ ನೆಲ ಬೇಕಾಯಿತು. ಸಮುದ್ರವನ್ನು ತುಂಬುವ ಕಂಪನಿಗಳು ಹುಟ್ಟಿಕೊಂಡವು. ಬ್ಯಾಕ್ ಬೇ ರೆಕ್ಲಮೇಶನ್ ಕಂಪನಿಯ ಷೇರುಗಳು ಒಂದು ಬುಟ್ಟಿ ಕಲ್ಲೂ ನೀರಿಗೆ ಬೀಳುವ ಮೊದಲೇ ಗಗನಕ್ಕೇರಿದವು. ಆ ಷೇರುಗಳ ಅಡವಿನ ಮೇಲೆ ಬ್ಯಾಂಕ್ ಆಫ್ ಬಾಂಬೆಯು ಸಾಲ ಕೊಟ್ಟಿತು. ಯುದ್ಧ ಮುಗಿಯಿತು, ಹತ್ತಿಯ ಬೆಲೆ ಇಳಿಯಿತು. 1865ರ ಜುಲೈ 1ರಂದು ವಾಯಿದೆಗಳ ದಿನ ಬಂದಾಗ ಪಾವತಿಮಾಡುವವರಿಲ್ಲ. ಬ್ಯಾಂಕು 1868ರಲ್ಲಿ ಮುಚ್ಚಿತು. ಅದೇ ಹೆಸರಿನಲ್ಲಿ ಹೊಸದೊಂದನ್ನು ತೆರೆಯಬೇಕಾಯಿತು. ಅಡವಿನ ಬೆಲೆಯನ್ನು ಸಾಲಗಾರನ ಉತ್ಸಾಹದಿಂದ ಅಳೆಯಬಾರದೆಂಬ ಪಾಠವನ್ನು ಬ್ಯಾಂಕಿನವರು ಆಮೇಲೆ ಎಷ್ಟೋ ಸಲ ಕಲಿತಿದ್ದಾರೆ, ಎಷ್ಟೋ ಸಲ ಮರೆತಿದ್ದಾರೆ.

ಆದರೆ ಆ ಹುಚ್ಚುಹೊಳೆಯ ಒಂದಂಶವು ಕಲ್ಲಾಗಿ ನಿಂತಿದೆ. ಆ ವ್ಯವಹಾರಗಳ ಸೂತ್ರಧಾರನಾಗಿದ್ದ ಪ್ರೇಮಚಂದ ರಾಯಚಂದನು 1864ರಲ್ಲಿ ವಿಶ್ವವಿದ್ಯಾಲಯದ ಪುಸ್ತಕಾಲಯಕ್ಕೆ 2 ಲಕ್ಷ, ತನ್ನ ತಾಯಿಯ ಹೆಸರಿನ ಗೋಪುರಕ್ಕೆ 2 ಲಕ್ಷ ರೂಪಾಯಿಗಳನ್ನು ಕೊಟ್ಟಿದ್ದನು. ದಾನಿಯು ದಿವಾಳಿಯಾದ ಮೇಲೆ, 1869ರಿಂದ 1878ರವರೆಗೆ ಕುರ್ಲಾದ ಕಲ್ಲಿನಲ್ಲಿ ರಾಜಾಬಾಯಿ ಗೋಪುರವು ಎದ್ದಿತು. ಅದರ ಎತ್ತರ 280 ಅಡಿ. ಕೋಟೆಯ ಕಚೇರಿಗಳಿಗೆ ಹೋಗುವ ಕನ್ನಡ ಗುಮಾಸ್ತರ ಎಷ್ಟೋ ತಲೆಮಾರುಗಳು ಅದರ ಗಡಿಯಾರವನ್ನು ನೋಡಿ ಹೆಜ್ಜೆಯನ್ನು ಬಿರುಸುಮಾಡಿವೆ.

ಇಲ್ಲಿ ಕಲ್ಲಿನ ಜಾತಿಗಳ ಬಗೆಗೆ ಕೊಂಚ ವಿವರ ಅವಶ್ಯ. ಕರಿಕಲ್ಲು ಅಥವಾ ನೀಲಿಗಪ್ಪು ಬಸಾಲ್ಟು ಬಲು ಗಡಸು. ತಳಪಾಯ, ಗೋದಿಯ ಗೋಡೆ, ರಸ್ತೆಯ ಹಾಸು, ಖಡಿ ಇವಕ್ಕೆಲ್ಲ ಅದೇ ಯೋಗ್ಯ. ಆದರೆ ಎಲೆ, ಹೂ, ಮುಖಗಳನ್ನು ಅದರಲ್ಲಿ ಬಿಡಿಸುವುದು ಉಳಿಗೂ ಹಣಕ್ಕೂ ಕೇಡು. ಮಲಾಡದ ಕಲ್ಲು ಬಗೆಯಲ್ಲಿ ಬೇರೆ. ಅದು ಲಾವಾರಸದ ಕೊನೆಗಾಲದ, ಸಿಲಿಕಾಂಶ ಹೆಚ್ಚಾಗಿದ್ದ ಹರಿವಿನಿಂದಾದ ಟ್ರ್ಯಾಕೈಟು. ಬಣ್ಣ ತಿಳಿಹಳದಿಯಿಂದ ಜೇನಿನವರೆಗೆ. ಹದವಾಗಿ ಕಡಿಯಲು ಬರುತ್ತದೆ, ಬಿಸಿಲುಮಳೆಗೂ ತಾಳುತ್ತದೆ. ಕುರ್ಲಾದ ಕಲ್ಲೆಂದರೆ ಯಾವುದೆಂದು ಖಚಿತವಾಗಿ ಹೇಳುವುದು ಕಷ್ಟ. ರಾಜಾಬಾಯಿ ಗೋಪುರದ ವಿಷಯದಲ್ಲಿ ಅದು ನಸುಹಳದಿ; ವೇಲ್ಸ್ ರಾಜಕುಮಾರನ ಹೆಸರಿನಿಂದ ಕಟ್ಟಿದ ವಸ್ತುಸಂಗ್ರಹಾಲಯದ ವಿಷಯದಲ್ಲಿ ಬೂದುಬಣ್ಣದ ಬಸಾಲ್ಟು. ಶಾಸ್ತ್ರಜ್ಞನು ಕಲ್ಲಿಗೆ ಖನಿಜದಿಂದ ಹೆಸರಿಡುತ್ತಾನೆ, ಗುತ್ತಿಗೆದಾರನು ಗಾಡಿ ಹೊರಟ ಊರಿನಿಂದ. ಒಂದೇ ಊರಿನ ಗುಡ್ಡದಲ್ಲಿ ಎರಡು ಬಗೆಯ ಶಿಲೆಯಿದ್ದರೆ ಹೆಸರು ಒಂದೇ, ಕಲ್ಲು ಎರಡು. ಹಳೆಯ ಕಾಗದಪತ್ರಗಳನ್ನು ಓದುವವರು ಇದನ್ನು ಮರೆತರೆ ಗೊಂದಲಕ್ಕೀಡಾಗುವರು. ಸೂಕ್ಷ್ಮವಾದ ಕೆತ್ತನೆಗೆ ಪೋರಬಂದರದ ಬಿಳಿ ಸುಣ್ಣಗಲ್ಲು ಹಡಗಿನಲ್ಲಿ ಬರುತ್ತಿತ್ತು. ಅದು ಉಳಿಗೆ ಬೆಣ್ಣೆಯಂತೆ ಒಪ್ಪುತ್ತದೆ. ಹಾಗೆಯೇ ಉಪ್ಪುಗಾಳಿಗೂ ಒಪ್ಪಿಕೊಂಡುಬಿಡುತ್ತದೆ. ಕೋಟೆಯ ಕಟ್ಟಡಗಳಲ್ಲಿ ಗೋಡೆ ಗಟ್ಟಿಯಾಗಿದ್ದು ಹೂಬಳ್ಳಿಗಳು ಮಾತ್ರ ಮಾಸಿ ಸವೆದಿರುವುದರ ಮರ್ಮ ಇದು.

ಮೇಲೆ ಹೇಳಿದ ವಸ್ತುಸಂಗ್ರಹಾಲಯವು (ಈಗಿನ ಛತ್ರಪತಿ ಶಿವಾಜಿ ಮಹಾರಾಜ ವಾಸ್ತು ಸಂಗ್ರಹಾಲಯ) ಈ ದ್ವೀಪಗಳ ಶಿಲಾಕೋಶವೆಂದೇ ಹೇಳಬಹುದು. ಜಾರ್ಜ್ ವಿಟೆಟ್ ರಚಿಸಿದ ಈ ಕಟ್ಟಡದ ಅಸ್ತಿಭಾರವನ್ನು 1905ರಲ್ಲಿ ಇಟ್ಟರು. ಕಟ್ಟಡವು 1914ರಲ್ಲಿ ಮುಗಿದರೂ ಜನರಿಗಾಗಿ ತೆರೆದದ್ದು 1922ರಲ್ಲಿ. ಕುರ್ಲಾದ ಬೂದುಗಲ್ಲೂ ಮಲಾಡದ ಹಳದಿಗಲ್ಲೂ ಅಕ್ಕಪಕ್ಕದಲ್ಲಿಯೇ ಇದ್ದು, ಎರಡರ ಸ್ವಭಾವವನ್ನೂ ಒಂದೇ ನೋಟದಲ್ಲಿ ಹೋಲಿಸಬಹುದು. 1924ರಲ್ಲಿ ತೆರೆದ, ಆತನದೇ ರಚನೆಯಾದ ಗೇಟ್‌ವೇ ಆಫ್ ಇಂಡಿಯಾದಲ್ಲಿ ಹಳದಿ ಬಸಾಲ್ಟಿನ ಜೊತೆಗೆ ಉಕ್ಕುಬೆರೆತ ಕಾಂಕ್ರೀಟೂ ಸೇರಿಕೊಂಡಿದೆ. ಕಲ್ಲುಗಣಿಗಳ ಮುಂದಿನ ಪ್ರತಿಸ್ಪರ್ಧಿಯು ಬಾಗಿಲಿನಲ್ಲಿಯೇ ಕಾಣಿಸಿಕೊಂಡಂತಾಯಿತು.

ಅದೇ ದಶಕದಲ್ಲಿ ಸಾಷ್ಟಿಯ ಕಾಂದಿವಲಿಯ ಗುಡ್ಡವು ಬ್ಯಾಕ್ ಬೇಯ ನೀರಿಗಿಳಿಯಿತು. ಗವರ್ನರ್ ಲಾಯ್ಡನ ಕಾಲದಲ್ಲಿ ಹುಟ್ಟಿದ ಅಭಿವೃದ್ಧಿ ಖಾತೆಯು ಎಂಟು ವಿಭಾಗಗಳಲ್ಲಿ 1,145 ಎಕರೆಯನ್ನು ಸಮುದ್ರದಿಂದ ಪಡೆಯುವ ಯೋಜನೆ ಹೂಡಿತು. ಕಾಂದಿವಲಿಯಲ್ಲಿ ಗಣಿ ತೆರೆದು, ಕಲ್ಲನ್ನು ರೈಲಿನಲ್ಲಿ ತಂದು, ನೀರಿನೊಳಗೆ ಗೋಡೆ ಕಟ್ಟಿ, ಗೋಡೆಯ ಒಳಗೆ ಬಂದರಿನ ತಳದ ಕೆಸರನ್ನು ತುಂಬುವುದೆಂದು ಉಪಾಯ. ಕಲ್ಲಿನ ಸಂದಿಗಳಿಂದ ಕೆಸರು ಹೊರಗೆ ಹರಿದುಹೋಗತೊಡಗಿತು. ಅಂದಾಜಿನ ಅಂಕಿಗಳು ಮಾತ್ರ ಏರುತ್ತ ಹೋದವು. ವಕೀಲ ಕೆ. ಎಫ್. ನರೀಮನ್ ಅವರು ಈ ಕಾರ್ಯದ ದುರ್ವ್ಯಯವನ್ನು ಬಯಲಿಗೆಳೆದು, ಅದಕ್ಕಾಗಿ ಮಾನಹಾನಿಯ ಮೊಕದ್ದಮೆಯನ್ನೆದುರಿಸಿ, 1928ರಲ್ಲಿ ನಿರ್ದೋಷಿಯೆಂದು ಹೊರಬಂದರು. ಎಂಟರಲ್ಲಿ ನಾಲ್ಕೇ ವಿಭಾಗಗಳು ನೆಲವಾದವು. ಇಂದು ಮರೀನ್ ಡ್ರೈವಿನಲ್ಲಿ ಸಂಜೆಯ ಗಾಳಿಗೆ ಕುಳಿತವರು ಆ ಯೋಜನೆಯ ಫಲವನ್ನು ಅನುಭವಿಸುವವರೇ. ಸ್ವಾತಂತ್ರ್ಯಾನಂತರ ತುಂಬಿದ ಆಚೆಯ ನೆಲಕ್ಕೆ ನರೀಮನ್ನರ ಹೆಸರೇ ಬಂದಿರುವುದು ಚರಿತ್ರೆಯ ಒಂದು ವಿನೋದ.

ಗವರ್ನರುಗಳು, ಶಿಲ್ಪಿಗಳು, ದಾನಿಗಳು ಇವರ ಹೆಸರುಗಳೆಲ್ಲ ಕಲ್ಲಿನ ಮೇಲೆ ಇವೆ. ಕಲ್ಲು ಕಡಿದವರ ಹೆಸರುಗಳಿಲ್ಲ. ಮಹಾರಾಷ್ಟ್ರದಲ್ಲೆಲ್ಲ ಗಣಿಯ ದುಡಿಮೆಗೆ ಹೆಸರಾದವರಲ್ಲಿ ವಡ್ಡರು ಪ್ರಮುಖರು. ಆಂಧ್ರ, ಕರ್ನಾಟಕಗಳ ಕಡೆಯಿಂದ ತಲೆಮಾರುಗಳ ಹಿಂದೆ ಕೆಲಸವನ್ನು ಹುಡುಕಿಕೊಂಡು ಬಂದ ಈ ಜನರ ಮನೆಮಾತು ತೆಲುಗು. ನೆಲೆಸಿದ ಕಡೆಗಳಲ್ಲಿ ಕನ್ನಡ, ಮರಾಠಿಗಳು ಅದರಲ್ಲಿ ಬೆರೆತಿವೆ. ಕನ್ನಡನಾಡಿನಲ್ಲಿ ಇವರನ್ನು ಭೋವಿಗಳೆಂದೂ ಕರೆಯುತ್ತಾರೆ. ಕಲ್ಲುವಡ್ಡರು, ಮಣ್ಣುವಡ್ಡರು ಎಂಬ ಒಳವಿಭಾಗಗಳು ಕೆಲಸದಿಂದಲೇ ಬಂದವು. ಅವರ ಸಾಧನಗಳು ಎಣಿಕೆಗೆ ನಾಲ್ಕೈದು: ಉಳಿ, ಸುತ್ತಿಗೆ, ಹಾರೆ, ಬೆಣೆ, ಮದ್ದು. ಮರಾಠಿಯ ಪಹಾರ ಮತ್ತು ಕನ್ನಡದ ಹಾರೆಗಳ ನಂಟನ್ನು ಭಾಷಾಶಾಸ್ತ್ರಜ್ಞರು ನಿರ್ಣಯಿಸಲಿ. ಗಣಿಯಲ್ಲಿ ಎರಡೂ ಒಂದೇ ಸಪ್ಪಳ ಮಾಡುತ್ತವೆ. ಅನುಭವಿಯಾದ ಕಲ್ಲುಕುಟಿಗನು ಬಂಡೆಯನ್ನು ಮೊದಲು ಸುತ್ತಿಗೆಯಿಂದ ತಟ್ಟಿ ಕೇಳುತ್ತಾನೆ. ಗಟ್ಟಿಯಾದ ಕಲ್ಲು ಗಂಟೆಯಂತೆ ದನಿಗೊಡುತ್ತದೆ. ಒಳಗೆ ಬಿರುಕಿದ್ದರೆ ದನಿ ಮಂದವಾಗುತ್ತದೆ. ಬಳಿಕ ಕಲ್ಲಿನ ಎಳೆಯನ್ನು ನೋಡಿ ಒಂದೇ ಗೆರೆಯಲ್ಲಿ ಸಾಲಾಗಿ ಕುಳಿಗಳನ್ನು ತೋಡಿ, ಕಬ್ಬಿಣದ ಬೆಣೆಗಳನ್ನಿಟ್ಟು, ಒಂದಾದ ಮೇಲೊಂದರಂತೆ ಸರದಿಯಿಂದ ಹೊಡೆಯುತ್ತ ಹೋಗುತ್ತಾನೆ. ಎಷ್ಟೋ ಹೊಡೆತಗಳವರೆಗೆ ಏನೂ ಆಗುವುದಿಲ್ಲ. ಆಮೇಲೆ ಬಂಡೆ ಬಟ್ಟೆ ಹರಿದಂತೆ ಗೆರೆಗುಂಟ ಬಿಚ್ಚಿಕೊಳ್ಳುತ್ತದೆ. ಮದ್ದು ಹೊಡೆದ ಕಲ್ಲು ಖಡಿಗೆ, ಬೆಣೆಯಿಂದ ಸೀಳಿದ್ದು ಕಟ್ಟಡಕ್ಕೆ. ಕಲ್ಲಿನ ಧೂಳು ಎದೆಗಿಳಿದು ಈ ಜನರ ಆಯುಷ್ಯವನ್ನು ಕಡಿಮೆಮಾಡುವುದೆಂಬುದು ವೈದ್ಯಶಾಸ್ತ್ರವು ಚೆನ್ನಾಗಿ ಬಲ್ಲ ಸಂಗತಿ. ವಿಕ್ಟೋರಿಯಾ ಕಾಲದ ಗಾಥಿಕ್ ಕಟ್ಟಡಗಳ ಸಮೂಹವನ್ನು ಯುನೆಸ್ಕೋ 2018ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆ ಕಟ್ಟಡಗಳ ಕಲ್ಲು ಹುಟ್ಟಿದ ಗಣಿಗಳಿಗೂ, ಕಡಿದವರ ಕಸುಬಿಗೂ ಅಂತಹ ಪಟ್ಟಿಯೊಂದಿಲ್ಲ. ಇದು ನ್ಯಾಯವಲ್ಲವೆಂಬುದನ್ನು ಬಿಟ್ಟರೂ ವಿವೇಕವೂ ಅಲ್ಲ. ಮಲಾಡದ ಗಣಿಗಳು ನಿಂತುಹೋಗಿ, ಗುಂಡಿಗಳ ಮೇಲೆ ಮನೆಗಳೆದ್ದಿರುವಲ್ಲಿ, ಹಳೆಯ ಗೋಡೆಯ ಒಂದು ಕಲ್ಲು ಸಡಿಲಿದರೆ ಅದೇ ಬಣ್ಣದ, ಅದೇ ಎಳೆಯ ಇನ್ನೊಂದಕ್ಕಾಗಿ ಎಲ್ಲಿಯೋ ಕೆಡವಿದ ಕಟ್ಟಡವನ್ನು ಹುಡುಕಬೇಕಾಗುತ್ತದೆ.

ಗಣಿಗಳ ನಡುವೆ ಅಕಸ್ಮಾತ್ತಾಗಿ ಉಳಿದುಕೊಂಡ ಒಂದು ಗುಡ್ಡ ಅಂಧೇರಿಯಲ್ಲಿದೆ. ಗಿಲ್ಬರ್ಟ್ ಹಿಲ್ ಎಂಬ ಅದು ಸುಮಾರು 200 ಅಡಿ ಎತ್ತರದ, ನಿಡಿದಾದ ಕಂಬಗಳ ಕಟ್ಟಿನಂತಹ ಕರಿಕಲ್ಲು. ಬತ್ತಿದ ಕೆರೆಯ ತಳದ ಮಣ್ಣು ಬಿಸಿಲಿಗೆ ಸೀಳಿ ಹಲಮೂಲೆಯ ಹೆಂಟೆಗಳಾಗುವಂತೆ, ದಪ್ಪನಾದ ಲಾವಾರಸವು ನಿಧಾನವಾಗಿ ಆರುವಾಗ ಕುಗ್ಗಿ, ಮೇಲಿನಿಂದ ಕೆಳಗಿನವರೆಗೆ ಸೀಳಿ ಐದಾರು ಮೂಲೆಗಳ ಕಂಬಗಳಾಗುತ್ತದೆ. ಉಡುಪಿಯ ಕಡೆಯ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳಲ್ಲಿ ಇಂತಹ ಕಂಬಗಳನ್ನೇ ಅವರು ಕಂಡಿದ್ದಾರೆ. ಅವು ಇದಕ್ಕಿಂತ ಹಳೆಯವು. ಎಂಟೂವರೆ ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಮಡಗಾಸ್ಕರವು ಭಾರತದಿಂದ ಬೇರ್ಪಟ್ಟ ಕಾಲಕ್ಕೆ ಸೇರಿದವು. ಮಲ್ಪೆಯ ಕಂಬಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ರಾಷ್ಟ್ರೀಯ ಸ್ಮಾರಕವೆಂದು ಸಾರಿದೆ. ಅಂಧೇರಿಯ ಕಂಬಗಳಿಗೆ 1952ರಲ್ಲಿ ಕೇಂದ್ರ ಸರಕಾರದಿಂದಲೂ, 2007ರಲ್ಲಿ ಮಹಾನಗರಪಾಲಿಕೆಯಿಂದಲೂ ರಕ್ಷಣೆಯ ಮಾತು ದೊರೆತಿದೆ. ಆದರೆ ಕಂಬವಾಗಿ ಸೀಳಿಕೊಂಡ ಕಲ್ಲು ಗಣಿಯವನಿಗೆ ಅರ್ಧ ಕೆಲಸ ಮಾಡಿಟ್ಟ ಕಲ್ಲು. ಆದ್ದರಿಂದ ಸುತ್ತಣ ಬಂಡೆಯನ್ನೆಲ್ಲ ಬಹಳ ಹಿಂದೆಯೇ ಕಡಿದು ಸಾಗಿಸಿದರು. ಉಳಿದ ನೆಲವನ್ನು ಚಾಳುಗಳೂ ಮಹಡಿಮನೆಗಳೂ ಗುಡ್ಡದ ಬುಡದವರೆಗೆ ತುಂಬಿವೆ. ತುದಿಯಲ್ಲಿ ಗಾಂವದೇವಿಯ ಗುಡಿಯಿದೆ. ಕಲ್ಲಿನಲ್ಲಿ ಕಡಿದ ಮೆಟ್ಟಿಲುಗಳನ್ನು ಹತ್ತಿ ಹೋದರೆ ಅಲ್ಲಿಂದ ಸುತ್ತಲಿನ ಊರೆಲ್ಲ ಕಾಣುತ್ತದೆ.